ಅರಗು ಹಾಕಿದ ಪೆನ್ನು

ರಾಯಚೂರಿನ ಹಳೇ ಪೇಟೆಯಲ್ಲಿ ಕಟ್ಟಿಗೆ ಕಡೆಯುವ ಖರಾದಿ ಅಂಗಡಿ ಇಟ್ಟಿದ್ದ ರಾಮಲಿಂಗಪ್ಪ ದಿನಕ್ಕೆ ಹತ್ತು ಮಾತಾಡಿದರೆ ಅದೇ ಹೆಚ್ಚು. ದೇವದುರ್ಗದವನು. ಮದುವೆಯಾದ ವರ್ಷವೇ ಹೆಂಡತಿ ತೀರಿಕೊಂಡಳು; ಯಾರೆಷ್ಟು ಹೇಳಿದರೂ ಮತ್ತೊಂದು ಮದುವೆಗೆ ಒಪ್ಪಲಿಲ್ಲ. ಅವನದು ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು, ಹೊಗಳಿ ತಮ್ಮ ತಮ್ಮ ಮನೆಗೆ ಉಣ್ಣಲು ಹೋದರು. ಇವನು ಒಬ್ಬನೇ ರೊಟ್ಟಿ ಬಡಿದುಕೊಂಡ. ಅಂಗಡಿಗೆ ಬರುವವರು ಮಂಚದ ಕಾಲು, ಲಟ್ಟಣಿಗೆ ಹೇಳಿ ಹೋಗುತ್ತಿದ್ದರು, ತಯಾರಾದ ಮೇಲೆ ಒಯ್ಯುತ್ತಿದ್ದರು. ಕೂತು ಮಾತಾಡಬೇಕೆಂದು ಯಾರಿಗೂ ಅನಿಸುತ್ತಿರಲಿಲ್ಲ.

ಎಪ್ಪತ್ನಾಲ್ಕರಲ್ಲಿ ಮಾನ್ವಿಯಿಂದ ಜಯಾಬಾಯಿ ಎಂಬ, ಶಾಲೆಯಲ್ಲಿ ಕಲಿಸುವ ಅಕ್ಕೋರು ಅಂಗಡಿಗೆ ಬಂದರು. ನಲವತ್ತು ದಾಟಿದ ಹೆಂಗಸು, ಮದುವೆಯಾಗಿರಲಿಲ್ಲ, ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ವಾಸ. ಕೈಯಲ್ಲಿ ತೀರಿಹೋದ ತಂದೆಯ ಊರುಗೋಲು, ಬೀಟೆಯದು, ಎರಡು ತುಂಡಾಗಿತ್ತು.

“ಇದರಾಗ ಒಂದು ಪೆನ್ನು ಆಗ್ತದೇನ್ರಿ?” ಎಂದರು.

ಅವನು ಅದುವರೆಗೆ ಪೆನ್ನು ಮಾಡಿದವನಲ್ಲ. ಆದರೂ ಆಗಲ್ಲ ಎನ್ನಲು ಮನಸ್ಸಾಗಲಿಲ್ಲ. ಬೀಟೆಯ ತುಂಡನ್ನು ಎರಡು ಮಾಡಿ, ನಡುವೆ ತೂತು ಕೊರೆದು, ರಿಫಿಲ್ ಹಿಡಿಯುವಂಥ ಹಿತ್ತಾಳೆ ನಳಿಗೆಯನ್ನು ಒಳಗೆ ಕೂಡಿಸಿದ. ನಳಿಗೆ ಹಿಡಿದು ನಿಲ್ಲಲು ಅಕ್ಕಸಾಲಿಗರ ಅರಗನ್ನು ಕಾಸಿ ಹೊಯ್ದ. ಖರಾದಿಗೆ ಹಚ್ಚಿ ನುಣ್ಣಗೆ ಮಾಡಿ, ಎರಡು ಭಾಗ ಕೂಡುವ ತುದಿಯನ್ನು ಸುತ್ತಲೂ ತೆಳ್ಳಗೆ ಇಳಿಸಿ ಕಚ್ಚು ಮಾಡಿದ. ಆ ಕಚ್ಚಿನ ಮೇಲೆ ಹಿತ್ತಾಳೆಯ ಉಂಗುರ ಬಿಗಿದ. ಕಚ್ಚು ಕೂದಲೆಳೆಯಷ್ಟು ಹೆಚ್ಚು ಇಳಿದರೂ ಉಂಗುರ ಜಾರುತ್ತದೆ, ಕಡಿಮೆ ಇಳಿದರೆ ಕಟ್ಟಿಗೆ ಸೀಳುತ್ತದೆ. ಮೊದಲ ಸಲಕ್ಕೇ ಸರಿಯಾಗಿ ಕೂತಿತು.

ಸರಿಯಾಗಿ ಕೂತದ್ದೇನೋ ಹೌದು, ಆದರೆ ರಾಯಚೂರು ಜಿಲ್ಲೆಯ ಬಿಸಿಲನ್ನು ಆತ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಕಿಟಕಿಯ ಬಳಿ ಇಟ್ಟ ಪೆನ್ನಿನ ಅರಗು ಮೆತ್ತಗಾಗಿ ನಳಿಗೆ ಜಾರಿತು. ಅಕ್ಕೋರು ಬಸ್ಸು ಹತ್ತಿ ಬಂದರು. ಹೊಸ ಅರಗು ಹಾಕಿದರೆ ಆ ಸೆಕೆಯಲ್ಲಿ ಗಟ್ಟಿಯಾಗಲು ಎರಡು ತಾಸು ಬೇಕು. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಹಚ್ಚಿದ ಅವಲಕ್ಕಿಯ ಡಬ್ಬಿ ಬಿಚ್ಚಿದರು, ಅವನಿಗೂ ಒಂದು ಹಾಳೆಯಲ್ಲಿ ಕೊಟ್ಟರು. ಶಾಲೆಯ ಹುಡುಗಿಯರ ಸುದ್ದಿ, ಚೀಕಲಪರ್ವಿಯಲ್ಲಿ ಹೊಳೆ ಬತ್ತಿದ ಸುದ್ದಿ ಹೇಳಿದರು. ರಾಮಲಿಂಗಪ್ಪ ತನ್ನ ಹೆಂಡತಿಯ ಹೆಸರನ್ನು ಎಷ್ಟೋ ವರ್ಷಗಳ ಮೇಲೆ ಬಾಯಿಬಿಟ್ಟು ಹೇಳಿದ.

ಅಲ್ಲಿಂದ ಪ್ರತಿ ಏಪ್ರಿಲ್‌ಗೂ ಅರಗು ಬಿಡುತ್ತಿತ್ತು, ಅಕ್ಕೋರು ಬರುತ್ತಿದ್ದರು. ವರ್ಷಕ್ಕೆ ಎರಡು ತಾಸು. ಉಳಿದ ದಿನಗಳನ್ನೆಲ್ಲ ಅವನು ಆ ಎರಡು ತಾಸಿನ ಮೇಲೆ ದೂಡುತ್ತಿದ್ದ.

ಎಂಬತ್ತರ ಸುಮಾರಿಗೆ ಪೇಟೆಗೆ ಎರಡು ಟ್ಯೂಬಿನ ಹೊಸ ಅಂಟು ಬಂತು. ಎರಡನ್ನೂ ಕಲಸಿ ಹಚ್ಚಿ ಒಂದು ದಿನ ಬಿಟ್ಟರೆ ಬೆಂಕಿಯಂಥ ಬಿಸಿಲಿಗೂ ಜಗ್ಗುವುದಿಲ್ಲ. ರಾಮಲಿಂಗಪ್ಪ ಕೊಂಡು ತಂದ, ಉಳಿದ ಕೆಲಸಕ್ಕೆಲ್ಲ ಬಳಸಿದ. ಅಕ್ಕೋರ ಪೆನ್ನಿಗೆ ಮಾತ್ರ ಅರಗನ್ನೇ ಹಾಕಿದ. ಅವರು ಬರುವ ದಿನ ಟ್ಯೂಬುಗಳನ್ನು ಅರಗಿನ ಡಬ್ಬಿಯ ಹಿಂದೆ ಸರಿಸುತ್ತಿದ್ದ. ಕಸುಬಿಗೆ ಮೋಸ ಮಾಡುತ್ತಿದ್ದೇನೆ ಎಂದು ಗೊತ್ತಿತ್ತು, ಗೊತ್ತಿದ್ದೂ ಮೂರು ವರ್ಷ ಮಾಡಿದ.

ಎಂಬತ್ಮೂರರಲ್ಲಿ ಅಕ್ಕೋರು ನಗುತ್ತಲೇ ಒಂದು ಮಾತು ಹೇಳಿದರು. “ಈ ಸಲ ಹಾಜರಿ ಹಾಕುವಾಗ್ಲೇ ಕಳಚಿ ಬಿತ್ರಿ. ಹುಡುಗ್ಯಾರು ನಕ್ಕಿದ್ದೇ ನಕ್ಕಿದ್ದು.”

ಅವನಿಗೆ ಮುಖ ಎತ್ತಲಾಗಲಿಲ್ಲ. ಡಬ್ಬಿಯ ಹಿಂದಿನಿಂದ ಟ್ಯೂಬುಗಳನ್ನು ತೆಗೆದ. “ಹೊಸಾ ಅಂಟು ಬಂದದ್ರಿ ಅಕ್ಕೋರೆ. ನಾಳೆ ತನಕ ಆರಬೇಕು. ಬಸ್ಸಿನ ಕಂಡಕ್ಟರ್ ಕೈಲೆ ಕಳಸ್ತೀನಿ. ಇನ್ನ ಮ್ಯಾಲೆ ಬಿಡಂಗಿಲ್ಲ, ನಿಮಗ ಬರೋ ತ್ರಾಸು ತಪ್ತು.”

“ಹೌದಾ,” ಎಂದರು ಅಕ್ಕೋರು. “ಚಲೋ ಆತು ಬಿಡ್ರಿ.” ಅವಲಕ್ಕಿ ಡಬ್ಬಿ ಬಿಚ್ಚದೆಯೇ ಎದ್ದರು.

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡೆ ಎಂದು ಅವನಿಗೆ ಆ ಸಂಜೆಯೇ ತಿಳಿಯಿತು. ಮಾಡಿದ್ದು ಸರಿಯಾದ ಕೆಲಸ, ಅದಕ್ಕೇ ಯಾರ ಹತ್ತಿರವೂ ಅಳುವಂತಿರಲಿಲ್ಲ. ಆ ವರ್ಷ ಅವನ ಹತ್ತು ಮಾತು ನಾಲ್ಕಕ್ಕೆ ಇಳಿದವು.

ಮರುವರ್ಷ ಏಪ್ರಿಲ್ ಬಂತು. ಬಾಗಿಲ ಕಡೆ ನೋಡಬಾರದೆಂದು ಅತ್ತ ಬೆನ್ನು ಮಾಡಿ ಕೆಲಸಕ್ಕೆ ಕೂತಿದ್ದ.

“ಮತ್ತ ಬಿಡ್ತು ನೋಡ್ರಿ,” ಎಂದಿತು ಹಿಂದಿನಿಂದ ಅಕ್ಕೋರ ದನಿ.

ರಾಮಲಿಂಗಪ್ಪ ಪೆನ್ನು ಇಸಕೊಂಡು ಬೆಳಕಿಗೆ ಹಿಡಿದ. ಅಂಟು ಬಿಟ್ಟಿದ್ದರೆ ನಳಿಗೆ ಬರಿ ಮೈಯಲ್ಲಿ ಹೊರಬರಬೇಕಿತ್ತು. ಇದರ ಮೈಗೆ ಬೀಟೆಯ ನಾರು ಕಚ್ಚಿಕೊಂಡೇ ಇತ್ತು. ಕಚ್ಚು ಮುರಿದಿತ್ತು, ಉಂಗುರ ಸೊಟ್ಟಗಾಗಿತ್ತು, ಹಿತ್ತಾಳೆಯ ಮೇಲೆ ಅಡುಗೆಮನೆಯ ಇಕ್ಕಳದ ಗೀರುಗಳು ಎದ್ದು ಕಾಣುತ್ತಿದ್ದವು. ಅಂಟು ಬಿಟ್ಟಿರಲಿಲ್ಲ. ತಂದೆಯ ಊರುಗೋಲಿನ ಪೆನ್ನನ್ನು ಯಾರೋ ಹಟ ಹಿಡಿದು ಜಗ್ಗಿ ಮುರಿದಿದ್ದರು.

ಅವನು ತಲೆ ಎತ್ತಿದ. ಅಕ್ಕೋರು ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಿದ್ದರು, ಕಿವಿ ಕೆಂಪಾಗಿದ್ದವು.

“ಬಿಸಿಲು ಭಾಳ ಅದರಿ ಈ ವರ್ಷ,” ಎಂದ ರಾಮಲಿಂಗಪ್ಪ. “ಕಟಿಗಿ ಸೀಳ್ಯಾದ. ಕೋಲಿನ ಉಳಿದ ತುಂಡು ನನ್ನ ಹತ್ರನೇ ಅದ, ಹೊಸಾದೇ ಮಾಡಬೇಕು. ಸಂಜಿತನಕ ಕೂಡಬೇಕಾದೀತು.”

“ಕೂಡ್ತೀನಿ.”

ಅವನು ತುಂಡು ಹುಡುಕಿ ತೆಗೆದ, ಅಂಟಿನ ಟ್ಯೂಬುಗಳಿದ್ದ ಕಡೆ ಸುಮ್ಮನೆ ಒಮ್ಮೆ ನೋಡಿದ.

“ಅದು ಬ್ಯಾಡ್ರಿ,” ಎಂದರು ಅಕ್ಕೋರು, ನೆಲ ನೋಡುತ್ತಲೇ. “ಹೋದ ವರ್ಷ ಅದನ್ನ ಹಾಕ್ತೀನಂದ್ರಲ್ಲ, ನಾ ಅವತ್ತು ಬಸ್ಸಿನಾಗ ಮಾನ್ವಿ ತನಕ ಅಳಕೋತ ಹೋದೆ.”