ಎರಡು ಲೋಟಗಳ ಪಾಠ

ಸವಿತಾ, ಒಂದನೇ ತರಗತಿಯಲ್ಲಿ ನೀನು ಕೊಟ್ಟ ಸರಿಯಾದ ಉತ್ತರವನ್ನು ನಾನು ತಪ್ಪು ಎಂದೆ. ಸರಿ ಎಂದು ಗೊತ್ತಿದ್ದೇ ಹಾಗೆಂದೆ. ಇಪ್ಪತ್ತೈದು ವರ್ಷವಾಯಿತು. ನಿನಗೆ ನೆನಪಿದೆಯೋ ಇಲ್ಲವೋ — ನನಗಂತೂ ಒಂದು ಮಾತೂ ಮರೆತಿಲ್ಲ.

ಆಗ ನಾನು ನಂಜನಗೂಡಿನ ಕಡೆಯ ನಮ್ಮೂರ ಶಾಲೆಯಲ್ಲಿ ಟೀಚರ್. ನಿಮ್ಮವ್ವ ಪುಟ್ಟಮ್ಮನವರು ನಮ್ಮ ಹಿತ್ತಿಲಿಗೆ ಕೆಲಸಕ್ಕೆ ಬರುತ್ತಿದ್ದರು — ಕಳೆ ಕೀಳಲು, ಸೌದೆ ಜೋಡಿಸಲು. ನನಗಿಂತ ಹಿರಿಯರು, ಆದರೂ ನಾನು ಕರೆಯುತ್ತಿದ್ದುದು ಏಕವಚನದಲ್ಲೇ. ಶಾಲೆ ಬಿಟ್ಟೊಡನೆ ನೀನು ನನ್ನ ಸೆರಗು ಹಿಡಿದು ಬಂದು, ಅವರ ಕೆಲಸ ಮುಗಿಯುವವರೆಗೆ ಹಿತ್ತಿಲ ಮೆಟ್ಟಿಲ ಮೇಲೆ ಹುಣಸೆಬೀಜ ಎಣಿಸುತ್ತ ಕೂರುತ್ತಿದ್ದೆ. ಮುಂದಿನ ಎರಡು ಹಲ್ಲು ಬಿದ್ದಿದ್ದವು. ನಿನ್ನ ಹೆಸರು ಹೇಳುವಾಗಲೇ ಗಾಳಿ ಹೊರಡುತ್ತಿತ್ತು. ಅದಕ್ಕೆ ನೀನೇ ನಗುತ್ತಿದ್ದೆ. ತರಗತಿಯಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದ ಮಗು ನೀನು. ಇಷ್ಟವಿದ್ದೂ ಮಾಡಿದೆ ಎಂಬುದೇ...

ಆ ದಿನ ವಸ್ತುಗಳನ್ನು ಹೋಲಿಸುವ ಪಾಠ. ದೊಡ್ಡದು, ಚಿಕ್ಕದು, ಉದ್ದ, ಗಿಡ್ಡ, ಸಮ. ಮಕ್ಕಳ ಕೈಗೇ ಕೊಟ್ಟು ಕಲಿಸೋಣವೆಂದು ಮನೆಯಿಂದ ಸಾಮಾನು ತುಂಬಿಕೊಂಡೆ — ಒಂದು ಸೌಟು, ಒಂದು ಚಮಚ, ಒಂದು ರಸಬಾಳೆ, ಒಂದು ಪಚ್ಚಬಾಳೆ. 'ಸಮ' ತೋರಿಸಲು ಒಂದೇ ಅಳತೆಯ ಎರಡು ಸ್ಟೀಲ್ ಲೋಟ ಬೇಕಿತ್ತು. ಒಳಗೆ ಒಂದು ಸಿಕ್ಕಿತು. ಅದರ ಜೋಡಿ ಹಿತ್ತಿಲ ಗೋಡೆಯ ಗೂಡಿನಲ್ಲಿತ್ತು. ಅದು ನಿಮ್ಮವ್ವನಿಗೆ ನೀರು ಕೊಡಲು ಬೇರೆ ಇಟ್ಟಿದ್ದ ಲೋಟ — ನಿಮ್ಮ ಕೇರಿಯವರಿಗೆ ಎಂದು. ಅತ್ತೆ ಮಾಡಿದ ಪದ್ಧತಿ ಎನ್ನಬಹುದಿತ್ತು. ಆದರೆ ಅತ್ತೆ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ನಿಮ್ಮವ್ವ ನೀರು ಕುಡಿದು, ತಾವೇ ತೊಳೆದು, ಗೂಡಿನಲ್ಲಿ ಕವುಚಿಡುತ್ತಿದ್ದರು. ನಾನು ನೋಡುತ್ತ ನಿಂತಿರುತ್ತಿದ್ದೆ.

ಮಕ್ಕಳಾಟಕ್ಕೆ ತಾನೆ ಎಂದು ಅದನ್ನೂ ಚೀಲಕ್ಕೆ ಹಾಕಿಕೊಂಡೆ.

ತರಗತಿಯಲ್ಲಿ ನಿನ್ನನ್ನೇ ಎಬ್ಬಿಸಿದೆ. ಎರಡು ಲೋಟ ಮುಂದಿಟ್ಟು, "ಇವೆರಡಕ್ಕೂ ಏನು ವ್ಯತ್ಯಾಸ, ನೋಡಿ ಹೇಳು" ಎಂದೆ. ನೀನು ಪಕ್ಕಪಕ್ಕದಲ್ಲಿಟ್ಟು ಬಗ್ಗಿ ನೋಡಿದೆ. ಒಂದರ ತುಂಬ ನೀರು ಹಿಡಿದು ಇನ್ನೊಂದಕ್ಕೆ ಸುರಿದೆ. ಒಂದು ಹನಿಯೂ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಹಾಗೆ ಮಾಡು ಎಂದು ನಾನು ಕಲಿಸಿರಲಿಲ್ಲ.

"ಎರಡೂ ಒಂದೇ ಅಳ್ತೆ ಮಿಸ್," ಎಂದೆ ನೀನು. ಆಮೇಲೆ ಬೆರಳಿಟ್ಟು ತೋರಿಸಿದೆ. "ಇದ್ರಲ್ಲಿ ನಮ್ಮವ್ವ ಕುಡೀತದೆ. ಅದ್ರಲ್ಲಿ ನೀವು ಕುಡೀತೀರ."

ನಿನ್ನ ಮಾತಿನಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ಕಂಡದ್ದನ್ನು ಹೇಳಿದ್ದೆ, ಅಷ್ಟೇ. ಹಿಂದಿನ ಸಾಲಿನಲ್ಲಿ ನಿಮ್ಮ ಕೇರಿಯ ಮಕ್ಕಳು ತಲೆ ಎತ್ತಿ ನನ್ನನ್ನು ನೋಡಿದರು.

"ತಪ್ಪು," ಎಂದೆ ನಾನು. "ವ್ಯತ್ಯಾಸ ಏನೂ ಇಲ್ಲ. ಕೂತ್ಕೊ."

ಅದನ್ನೇ ಇಡೀ ತರಗತಿಯಿಂದ ಮೂರು ಸಲ ಹೇಳಿಸಿದೆ. ನೀನೂ ಹೇಳಿದೆ.

ಮಾರನೆಯ ಬೆಳಿಗ್ಗೆ ನಿಮ್ಮವ್ವ ಬಂದರು. ಕೆಲಸಕ್ಕೆ ಕೈಹಾಕದೆ ಹಿತ್ತಿಲ ಬಾಗಿಲಲ್ಲೇ ನಿಂತರು. "ಮಗ ಏನೋ ಅಂದ್ಬುಡ್ತಂತೆ ಅಮ್ಮೋರೆ. ತಿಳೀದೆ ಅಂದದೆ, ಮನ್ಸಿಗೆ ಆಕಬ್ಯಾಡಿ."

"ಇರ್ಲಿ ಬಿಡು ಪುಟ್ಟಮ್ಮ, ಮಗು ತಾನೆ," ಎಂದೆ ನಾನು.

ಕ್ಷಮೆ ಕೇಳಬೇಕಾದವಳು ಕ್ಷಮಿಸಿದವಳಂತೆ ನಿಂತುಬಿಟ್ಟೆ, ಸವಿತಾ. ಲೋಟ ಆಗಲೇ ಗೂಡಿಗೆ ಮರಳಿತ್ತು. ಅವರು ಅದರಲ್ಲೇ ನೀರು ಕುಡಿದು ಕೆಲಸ ಶುರುಮಾಡಿದರು.

ಆ ವರ್ಷವೆಲ್ಲ, ನಾನು ಏನು ಕೇಳಿದರೂ ನೀನು ಮೊದಲು ನನ್ನ ಮುಖ ನೋಡುತ್ತಿದ್ದೆ. ಎರಡು ಕಡ್ಡಿಯಲ್ಲಿ ಯಾವುದು ಉದ್ದ ಎಂದರೂ ನನ್ನ ಮುಖ. ಮತ್ತೆ ಯಾವತ್ತೂ ತಪ್ಪು ಹೇಳಲಿಲ್ಲ. ಸವಿತಾ ಎಷ್ಟು ಜಾಣೆ ಎಂದು ಎಲ್ಲರೂ ಹೊಗಳುತ್ತಿದ್ದರು. ನನಗೆ ಮಾತ್ರ ಗೊತ್ತಿತ್ತು — ನೋಡಿ ಹೇಳುವುದನ್ನು ಆ ಮಗು ಬಿಟ್ಟಿದೆ, ಬಿಡಿಸಿದವಳು ನಾನು ಎಂದು.

ಈಗ ನಾನು ತಿ. ನರಸೀಪುರದಲ್ಲಿ ತಂಗಿಯ ಮನೆಯಲ್ಲಿದ್ದೇನೆ. ನೀನು ನಿಮ್ಮವ್ವನ ಜೊತೆ ಮೂಗೂರಿನಲ್ಲಿದ್ದು, ಅಲ್ಲಿಂದ ದಿನವೂ ಇದೇ ಊರಿಗೆ ಕೆಲಸಕ್ಕೆ ಬರುತ್ತೀಯ. ಹೋದ ವಾರ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಬಂದು, "ಬೇಸಿಗೆ ರಜೆಲಿ ಇವಳನ್ನ ನಿಮ್ಮತ್ರ ಬಿಟ್ಟೋಗ್ತೀನಿ ಮಿಸ್. ನಂಗೆ ಕಲಿಸ್ದಂಗೇ ಕಲಿಸ್ಬುಡಿ, ಸಾಕು," ಎಂದೆ. ಮಗು ಅಷ್ಟರಲ್ಲಿ ನನ್ನ ಮಡಿಲಿಗೆ ಹತ್ತಿ ಕೂತು ನನ್ನ ಬಳೆ ತಿರುಗಿಸುತ್ತಿತ್ತು. ನಾನು ಆಗಲೇ ಹೇಳಬೇಕಿತ್ತು. ಹೂಂ ಎಂದುಬಿಟ್ಟೆ.

ಭಾನುವಾರ ಬೆಳಗಿನ ಬಸ್ಸಿಗೆ ಮೂಗೂರಿಗೆ ಬರುತ್ತೇನೆ. ಈ ಕಾಗದ ಅದಕ್ಕೆ ಮೊದಲೇ ನಿನ್ನ ಕೈ ಸೇರಲಿ — ಎದುರಿಗೆ ಕಂಡರೆ ನೀನು ನನ್ನನ್ನೇ ಸಮಾಧಾನ ಮಾಡಲು ಹೊರಟುಬಿಡುತ್ತೀಯ, ಅದು ಬೇಡ. ಅಂದಿನ ತಪ್ಪು ನನ್ನದು ಎಂದು ನಿಮ್ಮವ್ವನ ಮುಂದೆ ನಿಂತು ಹೇಳಬೇಕು. ಅವರು ಬೈದರೂ ಸರಿ, ಏನೂ ಅನ್ನದೆ ಒಳಗೆ ಹೋದರೂ ಸರಿ.

ಅದಾದ ಮೇಲೆ, ಮಗುವನ್ನು ನನ್ನ ಹತ್ತಿರ ಬಿಡಬೇಕೋ ಬೇಡವೋ ನೀನು ಯೋಚಿಸು. ಬೇಡ ಎಂದರೆ ನಾನು ಕಾರಣ ಕೇಳುವುದಿಲ್ಲ.