ಒಂಬತ್ತರ ಎದುರು ನಾಲ್ಕು ಬಂದಾಗ

ಅಮೆರಿಕದ ರೀನೋ ನಗರದ ನದಿ ಪಕ್ಕದ ಜೂಜಿನ ಕ್ಯಾಸಿನೊ ಕಳೆದ ಮಾರ್ಚಿನಲ್ಲಿ ಲವರ್ನ್ ಕಿಟ್ರೆಡ್ಜ್ ಅವರನ್ನು ಹೊರಹಾಕಿತು. ಅವರಿಗೆ ಎಪ್ಪತ್ತೊಂದು ವರ್ಷ. ಇಸ್ಪೀಟ್ ಎಲೆಗೆ ಗುರುತು ಹಾಕಿರಲಿಲ್ಲ, ಪಣದ ಬಿಲ್ಲೆ ಕದ್ದಿರಲಿಲ್ಲ. ಕ್ಯಾಸಿನೊ ತಾನಾಗಿಯೇ ಹಂಚಿದ ಕೂಪನ್ನನ್ನು ತಪ್ಪಿಲ್ಲದೆ ಆಡಿದ್ದೇ ಅಪರಾಧವಾಯಿತು.

ನಾನು ಅವರ ಪಕ್ಕದ ಮನೆಯವನು, ನಗರದ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದೇನೆ. ಲವರ್ನ್ ಮೂವತ್ತೊಂದು ವರ್ಷ ಶಾಲೆಯೊಂದರ ಅಡುಗೆಮನೆ ನಡೆಸಿದವರು. ಹಿಟ್ಟನ್ನು ಲೋಟದಲ್ಲಿ ಅಳೆಯುವವರನ್ನು ಕಂಡರೆ ಅವರಿಗಾಗದು, ತೂಗಬೇಕು.

ಕ್ಯಾಸಿನೊದಲ್ಲಿ ಮಂಗಳವಾರ ಹಿರಿಯರ ದಿನ. ಬಾಗಿಲಲ್ಲೇ ಕೂಪನ್ ಪುಸ್ತಕ ಕೊಡುತ್ತಾರೆ: ಅರ್ಧ ಬೆಲೆಗೆ ಹ್ಯಾಮ್ ಮತ್ತು ಮೊಟ್ಟೆ, ಬಿಂಗೊ, ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟ್ ಆಟಕ್ಕೆ ಹತ್ತು ಡಾಲರಿನ ಒಂದು ಚೀಟಿ. ಹತ್ತೊಂಬತ್ತು ವರ್ಷದಿಂದ ಲವರ್ನ್ ಸೇರಿ ಐವರು ಹೆಂಗಸರು ಅಲ್ಲಿನ ಕಾಫಿ ಅಂಗಡಿಯ ಕಿಟಕಿ ಮೇಜಿನಲ್ಲಿ ಒಟ್ಟಿಗೆ ಊಟ ಮಾಡುತ್ತಿದ್ದರು. ಗಂಡ ತೀರಿಕೊಂಡ ವಾರವೂ ಲವರ್ನ್ ತಪ್ಪಿಸಲಿಲ್ಲ. ಅವರ ವಾರಕ್ಕೆ ಇದ್ದದ್ದು ಆ ಒಂದೇ ಮೇಜು.

ಆ ಚೀಟಿಯನ್ನು ಹತ್ತು ಡಾಲರ್ ಪಣದ ಜೊತೆ ಇಟ್ಟರೆ, ಗೆದ್ದಾಗ ಇಪ್ಪತ್ತು ಬರುತ್ತದೆ. ಸೋತರೆ ಹೋಗುವುದು ಕೈಯ ಹತ್ತೇ. ಇದರಿಂದ ಆಟದ ಕ್ರಮ ಸ್ವಲ್ಪ ಬದಲಾಗುತ್ತದೆ. ಆಟವೆಂದರೆ, ನಮ್ಮ ಎಲೆಗಳ ಮೊತ್ತ ಇಪ್ಪತ್ತೊಂದನ್ನು ದಾಟದೆ ಎಲೆ ಹಂಚುವ ಡೀಲರ್‌ನ ಮೊತ್ತವನ್ನು ಮೀರಬೇಕು. ನಮ್ಮ ಮೊತ್ತ ಒಂಬತ್ತು, ಡೀಲರ್ ಮುಂದೆ ಕಾಣುವ ಎಲೆ ನಾಲ್ಕು ಇದ್ದರೆ, ಸಾಮಾನ್ಯವಾಗಿ ಪಣ ದುಪ್ಪಟ್ಟು ಮಾಡುವುದೇ ಸರಿ. ಆದರೆ ದುಪ್ಪಟ್ಟು ಮಾಡಿದವರಿಗೆ ಆಮೇಲೆ ಒಂದೇ ಎಲೆ, ಮತ್ತು ದುಪ್ಪಟ್ಟಾಗುವುದು ಕೈಯ ಹಣ ಮಾತ್ರ, ಚೀಟಿಯಲ್ಲ. ಚೀಟಿ ಇಟ್ಟಾಗ ಸುಮ್ಮನೆ ಎಲೆ ಕೇಳಬೇಕು. ಸಾಲದಿದ್ದರೆ ಮತ್ತೊಂದು ಕೇಳುವ ಹಕ್ಕು ಉಳಿಯುತ್ತದೆ.

ಲವರ್ನ್ ಇದನ್ನು ಒಂದು ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ ಎಲೆ ಹಂಚಿ, ಗೆಲುವಿಗೊಂದು ಸೋಲಿಗೊಂದು ಎಂದು ಎರಡು ಜಾಮ್ ಬಾಟಲಿಗಳಿಗೆ ಬೀನ್ಸ್ ಕಾಳು ಹಾಕುತ್ತ ಊಹಿಸಿದರು. ಅಷ್ಟು ಸಣ್ಣ ವ್ಯತ್ಯಾಸ ಕಾಳಿಗೆ ಸಿಗುವಂಥದ್ದಲ್ಲ. ನಾನು ಲೆಕ್ಕ ಹಾಕಿ ನೋಡಿದೆ: ಊಹೆ ಸರಿ. ಲಾಭ, ಒಂದು ಸಲಕ್ಕೆ ಹದಿನೈದು ಸೆಂಟಿನ ಆಸುಪಾಸು.

ಅಷ್ಟಕ್ಕೇ ನಿಂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಗೆಳತಿಯರಿಗೆಲ್ಲ ಕನ್ನಡಕ. ಅವರಿಗೆ ಕಾಣಲೆಂದು ಲವರ್ನ್ ಬಿಂಗೊ ಆಟದ ದಪ್ಪ ನೇರಳೆ ಶಾಯಿಯಲ್ಲಿ ನಾಲ್ಕು ರಟ್ಟುಗಳ ಮೇಲೆ ಬರೆದುಕೊಟ್ಟರು: ‘ಚೀಟಿ ಇದ್ದರೆ, 9ರ ಎದುರು 4: ದುಪ್ಪಟ್ಟು ಬೇಡ.’ ಚಾವಣಿಯ ಕ್ಯಾಮೆರಾಕ್ಕೆ ಓದಲು ಅದಕ್ಕಿಂತ ಅನುಕೂಲದ ಅಕ್ಷರ ಇರಲಾರದು.

ಕ್ಯಾಸಿನೊದ ಮೇಲ್ವಿಚಾರಕ ಡರೆಲ್ ಅವರ ಆಟದ ಮೇಜಿಗೆ ಬಂದು ರಟ್ಟು ಎತ್ತಿಕೊಂಡ.

“ಇದು ಯಾರ್ ಬರ್ದಿದ್ದು?”

“ನಾನೇ ಕಣಪ್ಪ. ಅಕ್ಷರ ಚೆನ್ನಾಗಿಲ್ವಾ?”

“ಮೇಡಂ, ನೀವು ಗುಂಪು ಕಟ್ಕೊಂಡು ಆಡ್ತಿದೀರ. ಕೂಪನ್ ದುರುಪಯೋಗ ಇದು.”

“ಗುಂಪಾ? ಲೇ ಅಯೋನಾ, ಕೇಳಿದೇನೇ? ನಾವು ಗ್ಯಾಂಗಂತೆ!”

ಮಂಡಿ ಚಿಪ್ಪು ಬದಲಿಸಿಕೊಂಡಿದ್ದ ಗೆಳತಿ ಅಯೋನಾ ಊರುಗೋಲು ಎತ್ತಿದರು. “ಓಡಿಹೋಗೋಕೆ ನಂಗೆ ಅರ್ಧ ಗಂಟೆ ಟೈಮ್ ಕೊಡಪ್ಪ.”

ಡರೆಲ್ ನಗಲಿಲ್ಲ. ಲವರ್ನ್ ಅವನನ್ನೇ ದಿಟ್ಟಿಸಿದರು. “ನೀನು ಡರೆಲ್ ಅಲ್ವೇನೋ? ಶಾಲೇಲಿ ಮಕರೋನಿ ಇದ್ದ ದಿನ ಮೂರು ಸಲ ಸಾಲಲ್ಲಿ ನಿಲ್ತಿದ್ದೆ. ನಾನು ಯಾವತ್ತಾದ್ರೂ ‘ಇದು ದುರುಪಯೋಗ’ ಅಂದ್ನಾ?”

ಅವನ ಕಿವಿ ಕೆಂಪಾಯಿತು. ಆದರೂ ಲವರ್ನ್ ಒಬ್ಬರ ಹೆಸರಿದ್ದ ನಿಷೇಧದ ಕಾಗದ ಮುಂದಿಟ್ಟ. ಆಟದ ಮೇಜಿಗಷ್ಟೇ ನಿಷೇಧವಲ್ಲ. ಬಿಂಗೊ, ಕಾಫಿ ಅಂಗಡಿ, ವಾಹನ ನಿಲ್ಲಿಸುವ ಜಾಗ, ಇಡೀ ಕಟ್ಟಡ. ಕಾಲಿಟ್ಟರೆ ಪೊಲೀಸರು.

ನನಗೆ ಸಿಟ್ಟು ಬರುವುದು ಇಲ್ಲೇ. ಎಲ್ಲವನ್ನೂ ತಪ್ಪಾಗಿ ಆಡುವ ಸಾವಿರ ಜನರನ್ನು ನಂಬಿಯೇ ಆ ಪುಸ್ತಕ ಅಚ್ಚಾಗುತ್ತದೆ. ಪಿಂಚಣಿಯ ದಿನವೇ ಎಲ್ಲವನ್ನೂ ಜೂಜಿನ ಯಂತ್ರಕ್ಕೆ ಸುರಿಯುವ ಮುದುಕರಿಗೆ ಅಲ್ಲಿ ಪುಕ್ಕಟೆ ಕಾಫಿ ಸಿಗುತ್ತದೆ, ಹೆಸರು ಹಿಡಿದು ಮಾತಾಡಿಸುತ್ತಾರೆ. ಹದಿನೈದು ಸೆಂಟು ಉಳಿಸಿದವರಿಗೆ ಪೊಲೀಸರ ಬೆದರಿಕೆ. ನಾನು ಕ್ಯಾಸಿನೊಗೆ ಎರಡು ಪತ್ರ ಬರೆದೆ. ಉತ್ತರವಿಲ್ಲ.

ಮುಂದಿನ ಮಂಗಳವಾರ ಐವರೂ ಕ್ಯಾಸಿನೊದ ಮುಂದಿನ ಬಸ್ ನಿಲ್ದಾಣದಲ್ಲಿ ಸೇರಿದರು. ಆ ಬೆಂಚು ನಗರಸಭೆಯದು. ಗಾಳಿ ಕೊರೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಮೂವರು ಕೂತಲ್ಲೇ ಚಡಪಡಿಸಿದರು.

“ಹೋಗ್ರೇ, ಮೊಟ್ಟೆ ಆರುತ್ತೆ,” ಎಂದರು ಲವರ್ನ್. ಅವರು ಹೋದರು. ಅಯೋನಾ ಏಳಲಿಲ್ಲ. “ನಂಗೆ ಆ ಹ್ಯಾಮ್ ಯಾವತ್ತೂ ಸೇರಿಲ್ಲ ಕಣೇ,” ಎಂದು ಹತ್ತೊಂಬತ್ತು ವರ್ಷದ ಸುಳ್ಳನ್ನು ಒಂದೇ ಉಸಿರಿಗೆ ಒಪ್ಪಿಕೊಂಡರು.

ಮೇ ತಿಂಗಳಲ್ಲಿ ಲವರ್ನ್ ಅವರ ಹುಟ್ಟುಹಬ್ಬಕ್ಕೆ ಅದೇ ಕ್ಯಾಸಿನೊದಿಂದ ಅಂಚೆ ಬಂತು: ‘ನೀವಿಲ್ಲದೆ ಬೇಸರವಾಗಿದೆ!’ ಒಳಗೆ, ಯಾರು ತಂದರೂ ನಡೆಯುವ ಇಪ್ಪತ್ತೈದು ಡಾಲರಿನ ಚೀಟಿ. ಹೊರಗೆ ಹಾಕಿದ ಹೆಸರನ್ನು ಪಟ್ಟಿಯಿಂದ ತೆಗೆಯುವಷ್ಟು ಮರ್ಯಾದೆಯೂ ಕ್ಯಾಸಿನೊದವರಲ್ಲಿರಲಿಲ್ಲ.

ಲವರ್ನ್ ಅದನ್ನು ಬೆಂಚಿನ ಮೇಲೆ ಅಯೋನಾಗೆ ಕೊಟ್ಟರು. ಈ ಸಲ ಏನೂ ಬರೆದುಕೊಡಲಿಲ್ಲ.

“ಒಂಬತ್ತರ ಎದುರು ನಾಲ್ಕು?”

“ದುಪ್ಪಟ್ಟು ಬೇಡ.”

“ಮತ್ತೆ ಹೇಳು.”

“ದುಪ್ಪಟ್ಟು ಬೇಡ ಕಣೇ ಮಾರಾಯ್ತಿ!”

“ಜೋರಾಗಿ ಹೇಳೇ,” ಎಂದು ಲವರ್ನ್ ಕ್ಯಾಸಿನೊದ ಬಾಗಿಲತ್ತ ತಿರುಗಿ ಕೂತರು. “ಡರೆಲ್‌ಗೂ ಕೇಳ್ಲಿ.”