ಎದೆಗೆ ಕಟ್ಟದ ಪಟ್ಟಿ

ಗಿರಿಜಾ, ನಿನ್ನ ಗಂಡನ ಎದೆಗೆ ಆ ಪಟ್ಟಿ ಕಟ್ಟುವುದು ಬೇಡವೆಂದವನು ನಾನು. ಡಾಕ್ಟರಲ್ಲ. ನಿನ್ನ ಅಣ್ಣ — ನಾನು.

ಇಷ್ಟು ವರ್ಷ ನೀನು ಆ ಡಾಕ್ಟರಮ್ಮನನ್ನು ಶಪಿಸುವಾಗ ಎದುರಿಗೇ ಕೂತಿದ್ದೆ. ಒಂದೆರಡು ಸಲ ಹ್ಞೂಂಗುಟ್ಟಿದ್ದೂ ಉಂಟು.

ಭಾವ ಶಿವಮೊಗ್ಗದ ಆಸ್ಪತ್ರೆಯ ಐಸಿಯುವಿನಲ್ಲಿದ್ದರು. ನೀನು ಸ್ನಾನಕ್ಕೆಂದು ರವೀಂದ್ರನಗರದ ಮನೆಗೆ ಹೋಗಿದ್ದೆ. ಡಾಕ್ಟರಮ್ಮ ನನ್ನನ್ನು ಕರೆದರು.

“ನೋಡಿ, ಹಾರ್ಟ್ ಹೇಗೆ ಕೆಲಸ ಮಾಡ್ತಿದೆ ಅಂತ ಹಾಸಿಗೆ ಹತ್ರಾನೇ ನೋಡ್ತಾ ಇರೋಕೆ ಹೊಸ ಮೆಷಿನ್ ಬಂದಿದೆ. ಎದೆ ಸುತ್ತ ಒಂದು ಪಟ್ಟಿ ಕಟ್ಟಿ ಸ್ವಲ್ಪ ಕರೆಂಟ್ ಬಿಡ್ತೀವಿ. ಒಳಗೆ ರಕ್ತ, ಗಾಳಿ ಓಡಾಡೋದು ಚಿತ್ರದಲ್ಲಿ ಕಾಣುತ್ತೆ. ಮನೆಯೋರು ಒಪ್ಪಿದ್ರೆ ಮಾತ್ರ.”

ಕರೆಂಟ್! ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಭದ್ರಾವತಿಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವುದು ಕಲಿತು, ಮಲವಗೊಪ್ಪದಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಪಕ್ಕದಲ್ಲಿ ಭಾವನನ್ನು ನೋಡಲು ಬಂದಿದ್ದ ಭದ್ರಾವತಿಯ ಸೆಲ್ವಂ, ನನ್ನ ಹಳೇ ಗಿರಾಕಿ, ನಿಂತಿದ್ದ. ಸುಮ್ಮನಿರಲಾರದೆ, “ಏನ್ ಮೇಸ್ತ್ರಿ, ಭಾವನ್ನೂ ಮೋಟಾರ್ ಮಾಡ್ಬಿಟ್ರಾ ಇವ್ರು?” ಎಂದ.

ನನಗೆ ರೋಷ ಏರಿತು. “ಕರೆಂಟ್ ವಿಷ್ಯ ನಂಗೆ ಹೇಳ್ಬೇಡಿ ಮೇಡಂ. ಅದ್ರಲ್ಲೇ ಅನ್ನ ತಿಂದೋನು ನಾನು. ಎದೆಗೆ ಕರೆಂಟಾ? ಬೇಡ ಅಂದ್ರೆ ಬೇಡ.”

“ತುಂಬಾ ಸಣ್ಣದು. ಅವರಿಗೆ ಗೊತ್ತೂ ಆಗಲ್ಲ.”

ಎಷ್ಟು ಸಣ್ಣದು ಎಂದು ಕೇಳಬಹುದಿತ್ತು. ಅವರು ನನಗೆ ತಿಳಿಯದ ಲೆಕ್ಕ ಹೇಳಿಬಿಟ್ಟರೆ — ಸೆಲ್ವಂ ಎದುರಿಗೆ... ಕೇಳಲಿಲ್ಲ. ಡಾಕ್ಟರಮ್ಮ ಬೇರೆ ವಿಧದಲ್ಲಿ ನೋಡಿಕೊಳ್ಳುತ್ತೇವೆ ಎಂದು ಒಳಗೆ ಹೋದರು.

ಮೆಟ್ಟಿಲಿಳಿಯುವಾಗಲೇ ಹೊಳೆಯಿತು. ದಿನವೂ ನಾನು ಟೆಸ್ಟರ್ ಹಿಡಿಯುತ್ತೇನಲ್ಲ, ಅದರ ಪುಟ್ಟ ದೀಪ ಹೊತ್ತುವುದು ನನ್ನ ಬೆರಳು, ನನ್ನ ಮೈ ಮೂಲಕವೇ ಕರೆಂಟ್ ಹಾದು. ಗೊತ್ತೂ ಆಗುವುದಿಲ್ಲ. ಅವರ ಮಾತೇ ಸರಿ! ಗಿರಿಜಾ, ಇದನ್ನು ತಿಳಿಯದೆ ಮಾಡಿದೆ ಎನ್ನಲೂ ನನಗೆ ಬಾಯಿಲ್ಲ. ತಿಳಿದ ಮೇಲೂ ಆ ನಾಲ್ಕು ಮೆಟ್ಟಿಲು ವಾಪಸ್ ಹತ್ತಲಿಲ್ಲ. ಹತ್ತಿದ್ದರೆ ತಪ್ಪಾಯಿತು ಅನ್ನಬೇಕಿತ್ತು.

ನೀನು ಬಂದಾಗ, “ಹೊಸ ಮೆಷಿನ್ ಇದೆಯಂತೆ, ಕೆಟ್ಟಿದೆಯಂತೆ” ಎಂದೆ. ಮರುದಿನ ಪಕ್ಕದ ಹಾಸಿಗೆಯವರಿಗೆ ಅದನ್ನೇ ಕಟ್ಟಿದ್ದನ್ನು ನೀನು ಕಂಡೆ. “ದುಡ್ಡಿರೋರಿಗೆ ಮಾತ್ರ ಕಟ್ತಾಳೆ ನೋಡಣ್ಣ” ಎಂದು ನೀನು ಅತ್ತುಬಿಟ್ಟೆ. ಆ ವಾರವೇ ಭಾವ ಹೋದರು.

ಪಟ್ಟಿ ಕಟ್ಟಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆ ಗೊತ್ತಿಲ್ಲದ ಜಾಗದಲ್ಲೇ ನಾನು ಇಷ್ಟು ವರ್ಷ ಅಡಗಿಕೊಂಡಿದ್ದೆ.

ಈಗ ನಿನಗೇ ಏದುಸಿರು. ಅಡುಗೆಮನೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಗೋಡೆ ಹಿಡಿಯುತ್ತೀಯ. ಎದೆ ತೋರಿಸೋಣವೆಂದರೆ, “ಸಾಯ್ತೀನಿ, ಅವಳ ಮುಂದೆ ಮಾತ್ರ ಮಲಗಲ್ಲ” ಎನ್ನುತ್ತೀಯ. ಆ ಮಾತನ್ನು ನಿನ್ನ ಬಾಯಿಗೆ ಇಟ್ಟವನು ನಾನು.

ನಾಳೆ ಬೆಳಿಗ್ಗೆ ಬರುತ್ತೇನೆ. ಇಲ್ಲಿ ಬರೆದದ್ದನ್ನು ನಿನ್ನ ಮುಖ ನೋಡಿ ಹೇಳುತ್ತೇನೆ. ಬಯ್ಯು, ಹೊಡೆ, ಮತ್ತೆಂದೂ ಹೊಸಿಲು ತುಳಿಯಬೇಡ ಅನ್ನು — ಆದರೆ ಆಸ್ಪತ್ರೆಗೆ ಆಟೋ ಹತ್ತು. ಅಲ್ಲಿ ನಾನು ಒಳಗೆ ಬರುವುದಿಲ್ಲ. ಡಾಕ್ಟರಮ್ಮ ಏನು ಕೇಳಿದರೂ ಈ ಸಲ ಉತ್ತರ ನೀನೇ ಕೊಡು.